ಜೇಬಿನ ಸಾವ್ಕಾರ

ಭೀಮು ಹೆಣಕ್ಕೆ ಎರಡನೇ ತಂಬಿಗೆ ನೀರು ಹೊಯ್ದವನು ಮೂರನೆಯದನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟ. ಜಟ್ಟೆಪ್ಪನ ಬಲ ತೊಡೆಸಂದಿಯ ಮೇಲೆ ಬೆರಳುದ್ದದ ಹೊಲಿಗೆಯ ಗುರುತಿತ್ತು. ಹೊಕ್ಕುಳದ ಸುತ್ತ ಮೂರು ಸಣ್ಣ ಕಲೆಗಳೂ ಇದ್ದವು.

"ಹರ್ನಿಯಾದ್ದು ಆಪರೇಷನ್ ಎರಡು ಸಲ ಮಾಡಿಸ್ಯಾನೇನಕ್ಕಾ?"

ಜಟ್ಟೆಪ್ಪನ ಹೆಂಡತಿ ಮರಗಮ್ಮ ಬಿಸಿನೀರಿನ ಕೊಡ ಕೆಳಗಿಟ್ಟಳು. "ಬಲಕ್ಕ ಕೊಯ್ದು ಒಳಗ ಬಲಿಯಂಥ ಜಾಳಿ ಹಾಕಿದ್ರು. ಎಡಕ್ಕ ತೂತು ಮಾಡಿ ದುರ್ಬೀನಿಂದ ಮಾಡಿದ್ರು. ಎಡದ್ದು ತಿಂಗಳೊಳಗ ಮರ್ತೇ ಹೋಯ್ತು. ಬಲದ್ದು ಒಂಬತ್ತು ವರ್ಷ ಉರೀತು, ತಮ್ಮಾ. ಒತ್ತಿ ಹಿಡಕೊಂಡ್ರನೇ ಹೆಜ್ಜಿ ಇಡ್ತಿದ್ದ."

ಭೀಮುವಿನ ಮುಖ ಸಣ್ಣದಾಯಿತು. ತುರ್ಭೆ ಮಾರ್ಕೆಟ್ಟಿನ ಗೋದಾಮಿನಲ್ಲಿ ಹಮಾಲರು ಮೂಟೆ ಹೊತ್ತು ಬೆವರುವಾಗ ಜಟ್ಟೆಪ್ಪ ಬಲಗೈ ಜೇಬಿಗೆ ಹಾಕಿಕೊಂಡು, ಚೀಲದ ಬಾಯಿ ಹೊಲಿಯುವ ಮೂಲೆಗೆ ನಡೆದು ಹೋಗುತ್ತಿದ್ದ. ಅವನಿಗೆ ಜೇಬಿನ ಸಾವ್ಕಾರ ಎಂದು ಹೆಸರಿಟ್ಟವನು ಈ ಭೀಮುವೇ. ಆ ಪುಣ್ಯಾತ್ಮ ನಕ್ಕುಬಿಟ್ಟಿದ್ದ.

*

ಹೋದ ವಾರ ಮೂಟೆಗಳ ಮರೆಯಲ್ಲಿ ಭೀಮು ತೊಡೆಸಂದಿಯ ಗಡ್ಡೆಯನ್ನು ಒಳಕ್ಕೆ ತಳ್ಳಿಕೊಳ್ಳುತ್ತಿದ್ದಾಗ ಜಟ್ಟೆಪ್ಪ ಕಂಡುಹಿಡಿದಿದ್ದ.

"ಯಾರಿಗೂ ಹೇಳಬ್ಯಾಡಣ್ಣ. ಮುಕಾದಮಗ ತಿಳಿದ್ರ ನಾಳಿಂದ ಕೆಲಸಿಲ್ಲ."

"ನಮ್ಮ ಹಮಾಲ ಶರಣಪ್ಪನೂ ಹಿಂಗೇ ಮುಚ್ಚಿಟ್ಟ. ಕರುಳು ಸಿಕ್ಕೊಂಡು, ದವಾಖಾನಿ ಮುಟ್ಟೂದ್ರೊಳಗ ಸತ್ತ. ನಡಿ."

ಮರುದಿನವೇ ಕೆಲಸ ಬಿಟ್ಟು ಅವನನ್ನು ಸರ್ಕಾರಿ ದವಾಖಾನೆಗೆ ಎಳೆದೊಯ್ದ. ಭೀಮುವನ್ನು ಪರೀಕ್ಷೆ ಮಾಡಿಸಿ ಹೊರಗೆ ಕೂರಿಸಿ, ತಾನು ಡಾಕ್ಟರರ ಜೊತೆ ಅರ್ಧ ಗಂಟೆ ಮಾತಾಡಿದ.

"ಸೋಮವಾರ. ದುರ್ಬೀನಿಂದ ಮಾಡ್ತಾರ."

"ನಿನಗೂ ಆಗಿತ್ತಂತಲ್ಲಣ್ಣ, ಭಾಳ ನೋಯ್ತದೇನು?"

"ಇರುವಿ ಕಡದಂಗ," ಎಂದಿದ್ದ, ಬಲಗೈ ಜೇಬಿನಿಂದ ತೆಗೆಯದೆ.

*

"ಸುಳ್ಳು ಹೇಳಿದನಲ್ಲಕ್ಕಾ!" ಭೀಮುವಿಗೆ ಸಿಟ್ಟೂ ಬಂತು, ಭಯವೂ ಆಯಿತು. ಸೋಮವಾರ ಆಪರೇಷನ್ನಿಗೆ ಹೋಗುವುದೇ ಬೇಡ ಎನ್ನಿಸಿತು.

"ಈ ನೋವು ಎಲ್ಲರಿಗೂ ಬರಂಗಿಲ್ಲಂತ. ದುರ್ಬೀನಿಂದ ಮಾಡಿದ್ರ ಇನ್ನೂ ಕಮ್ಮಿ ಮಂದಿಗಂತ. 'ನಂದು ಕೇಳಿ ಹುಡುಗ ಹೆದರಿ ಓಡಿದ್ರ ಶರಣಪ್ಪನಂಗ ಸಾಯ್ತಾನ' ಅಂತಿದ್ದ. ಡಾಕ್ಟರ ಮುಂದ ಮಾತ್ರ ತನ್ನ ಕತಿ ಎಲ್ಲಾ ಹೇಳಿ, ನಿನಗ ದುರ್ಬೀನಿಂದೇ ಮಾಡ್ರಿ ಅಂತ ಕೈ ಮುಗದು ಬಂದಾನ." ಮರಗಮ್ಮ ಸೆರಗಿನಿಂದ ಗಂಡನ ಮುಖ ಒರೆಸಿದಳು. "ನಿನ್ನೆ ಎದಿ ಹಿಡಕೊಂಡು ಬಿದ್ದಾಗೂ 'ಭೀಮುನ ಸೋಮವಾರ ತಪ್ಪಬಾರ್ದು' ಅಂದ."

ಭೀಮು ಮೂರನೇ ತಂಬಿಗೆ ಹೊಯ್ದ. ಅಳು ತಡೆಯಲಾಗಲಿಲ್ಲ. ತನ್ನ ಉರಿಯನ್ನು ಜೇಬಿನಲ್ಲಿಟ್ಟುಕೊಂಡು ಇನ್ನೊಬ್ಬನ ನೋವಿಗೆ ಕೈ ಮುಗಿಯುವವರು ಎಷ್ಟು ಜನ ಸಿಕ್ಕಾರು?

ಚಟ್ಟ ಎತ್ತುವ ಹೊತ್ತಾಯಿತು. ಹಮಾಲರ ಮೇಸ್ತ್ರಿ, ಮುಕಾದಮ ಅಂಬರೀಶ ಮುಂದಿನ ಮೂಲೆ ಹಿಡಿದು ಕೂಗಿದ, "ಏ ಭೀಮ್ಯಾ, ಹೆಗಲು ಕೊಡೋ! ಅಣ್ಣ ಅಣ್ಣ ಅಂತ ಬಾಯ್ತುಂಬ ಕರೀತಿದ್ದಿಯಲ್ಲಾ?"

ಗಲ್ಲಿಯವರೆಲ್ಲ ತಿರುಗಿ ನೋಡಿದರು. ಅಣ್ಣನಿಗೆ ಹೆಗಲು ಕೊಡದವನೆಂದರೆ ನಾಳೆ ಯಾರೂ ಮುಖ ನೋಡುವುದಿಲ್ಲ. ಮರಗಮ್ಮ ತಲೆಯಾಡಿಸಿ ಬೇಡವೆಂದಳು.

"ನಾ ಎತ್ತಂಗಿಲ್ಲ," ಎಂದ ಭೀಮು, ಎಲ್ಲರಿಗೂ ಕೇಳುವಂತೆ. "ನನಗ ಹರ್ನಿಯಾ ಅದ. ಸೋಮವಾರ ಆಪರೇಷನ್."

ಮುಕಾದಮ ಅವನನ್ನು ದುರುಗುಟ್ಟಿ ನೋಡಿ ಚಟ್ಟ ಎತ್ತಿದ. ಕೆಲಸ ಹೋಯಿತು ಎಂದುಕೊಂಡು ಭೀಮು ಬರಿಗೈಯಲ್ಲಿ ಪಕ್ಕದಲ್ಲೇ ನಡೆದ.

ನಾಲೆಯ ತಿರುವಿನಲ್ಲಿ ಮುಕಾದಮ ತನ್ನ ಮೂಲೆಯನ್ನು ಇನ್ನೊಬ್ಬನಿಗೆ ದಾಟಿಸಿ ಹಿಂದೆ ಬಂದ. ಸ್ವಲ್ಪ ದೂರ ಭೀಮುವಿನ ಜೊತೆ ಹೆಜ್ಜೆ ಹಾಕಿದ.

"ಸೋಮವಾರ ಎಷ್ಟೊತ್ತಿಗೆ ಹೊಂಟಿ?" ಎಂದು ಮೆಲ್ಲಗೆ ಕೇಳಿದ. ಅವನ ಎಡಗೈ ಪ್ಯಾಂಟಿನ ಜೇಬಿನೊಳಗೆ ಆಳಕ್ಕೆ ಇಳಿದಿತ್ತು.