ಅಪ್ಪಾಜಿ ಹೊಡೆದುಹಾಕಿದ ಸಾಲು

ಸಂಜೆ ಐದಕ್ಕೆ ಫೈಲು ಹೋಗಬೇಕು. ಕೊಟ್ಟೂರಿನಲ್ಲಿ ಅವತ್ತು ಕರೆಂಟು ಹೋಗಿ ಬಂದು ಮಾಡುತ್ತಿತ್ತು. ನಾನು ಕಾಲು ಸುಟ್ಟ ಬೆಕ್ಕಿನ ಹಾಗೆ ಪಡಸಾಲೆಗೂ ಅಡುಗೆಮನೆಗೂ ಓಡಾಡುತ್ತಿದ್ದೆ.

ಫೈಲು ಎಂದರೆ ಬುದ್ಧನ ಹಳೆಯ ಉಪದೇಶಗಳು. ನಮ್ಮಲ್ಲಿ ಕಳೆದುಹೋಗಿ, ಚೀನೀ ಭಾಷೆಯಲ್ಲಿ ಉಳಿದುಕೊಂಡಂಥವು. ಅವನ್ನು ಇಂಗ್ಲಿಷಿಗೆ ತರುವುದು ನನ್ನ ಕೆಲಸ, ತೈವಾನಿನ ಪ್ರಕಾಶಕರೊಬ್ಬರಿಗಾಗಿ. "ಚೀನಾದ್ದು ಓದಾಕ ಬರ್ತೈತಂತಲ್ಲ ಗಂಗಾಂಬಿಕಾ, ಈ ಟಾರ್ಚ್ ಯಾಕ ಹತ್ತವಲ್ದು ನೋಡವ್ವಾ" ಎಂದು ಪಕ್ಕದ ಮನೆಯ ಜಂಬಕ್ಕ ಒಮ್ಮೆ ಬಂದಿದ್ದಳು. ಟಾರ್ಚು ಹತ್ತಲಿಲ್ಲ. ಓಣಿಯಲ್ಲಿ ನನ್ನ ಓದಿನ ಬೆಲೆ ಅವತ್ತೇ ಇಳಿಯಿತು.

ನನ್ನ ಇಂಗ್ಲಿಷನ್ನು ತಿದ್ದುವವರು ಅಪ್ಪಾಜಿ, ಪಂಚಾಕ್ಷರಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ಆಯುಷ್ಯವೆಲ್ಲ ಸಾರಾಂಶ ಬರೆಯುವುದನ್ನು ಕಲಿಸಿದವರು. ಹೇಳಿದ್ದನ್ನೇ ಮತ್ತೆ ಬರೆದ ಹುಡುಗರ ಕಿವಿ ಹಿಂಡುತ್ತಿದ್ದರು. ಹೋದ ವರ್ಷ ಅವ್ವ ತೀರಿಕೊಂಡ ಮೇಲೆ ಊಟ, ಮಾತು ಎರಡನ್ನೂ ಬಿಟ್ಟಿದ್ದ ಮನುಷ್ಯ, ಈ ಕೆಲಸ ಕೊಟ್ಟಮೇಲೆ ಮತ್ತೆ ತಲೆ ಬಾಚಿಕೊಳ್ಳತೊಡಗಿದ್ದರು. ಅದಕ್ಕೇ ಅವರು ತಿದ್ದಿದ್ದನ್ನೆಲ್ಲ ನಾನು ಬಾಯಿ ಮುಚ್ಚಿಕೊಂಡು ಒಪ್ಪುತ್ತಿದ್ದೆ.

ಕಳಿಸುವ ಮುಂಚೆ ಕೊನೆಯ ಉಪದೇಶವನ್ನು ಮೂಲದ ಪಕ್ಕ ಇಟ್ಟು ನೋಡಿದೆ. ಎಷ್ಟೋ ಸಾಲುಗಳೇ ಇಲ್ಲ.

"ಅಪ್ಪಾಜಿ, ಇಲ್ಲಿ ಸಾಲು ಹೊಡದು ಹಾಕೀರಲ್ರಿ!"

"ಹೇಳಿದ್ದನ್ನ ಎಷ್ಟ್ ಸಲ ಹೇಳ್ತಾನ ನಿಮ್ಮ ಬುದ್ಧ? ಒಂದ್ ಸಲ ಸಾಕು."

ನನಗೆ ಸಿಟ್ಟು ನೆತ್ತಿಗೇರಿತು. "ಶ್ರಾವಣದಾಗ ಮಠದಾಗ ಕುಂತು ಹಗಲೂ ರಾತ್ರಿ ಭಜನಿ ಮಾಡ್ತೀರಿ. ಒಬ್ಬರ ದನಿ ನಿಲ್ಲೋದ್ರಾಗ ಇನ್ನೊಬ್ಬರು ಎತ್ತಿಕೋಬೇಕು, ಶಿವನ ಹೆಸರು ತುಂಡಾಗಬಾರದು ಅಂತೀರಿ. ಅಲ್ಲಿ ಒಂದ್ ಸಲ ಅಂದು ಮನಿಗೆ ಬರ್ರಿ ನೋಡೋಣು! ಇದನ್ನೂ ಮಂದಿ ಬಾಯಿಲೆ ಅಂದಂದೇ ಉಳಿಸ್ಯಾರ."

ಅಪ್ಪಾಜಿ ಕನ್ನಡಕ ಒರೆಸುತ್ತಾ ಕೂತರು. ನಾನು ಗೊಣಗುತ್ತಾ ಪುಟ ಪುಟ ನೋಡುತ್ತ ಹೋದೆ. ಮುಪ್ಪು ದುಃಖ ಎಂಬುದು ಬಂದಷ್ಟು ಸಲವೂ ಇತ್ತು. ರೋಗ ದುಃಖ, ಅದೂ ಇತ್ತು. ಸಾರಾಂಶದ ಚಟವಾಗಿದ್ದರೆ ಅವೂ ಹೋಗಬೇಕಿತ್ತಲ್ಲ. ಹೋಗಿದ್ದು ಒಂದೇ ಸಾಲು, ಮೊದಲ ಸಲ ಬಂದದ್ದನ್ನು ಬಿಟ್ಟು ಉಳಿದ ಕಡೆಯಲ್ಲೆಲ್ಲ: ಒಲಿದವರನ್ನು ಅಗಲುವುದು ದುಃಖ.

ಸಿಟ್ಟು ಜರ್ರನೆ ಇಳಿಯಿತು, ಅದರ ಜಾಗಕ್ಕೆ ಭಯ ಬಂತು. ಸಾಲು ಇಲ್ಲದೆ ಕಳಿಸಿದರೆ ಪುಸ್ತಕ ಸುಳ್ಳಾಗುತ್ತದೆ. ಹಾಕಿದರೆ ನಾಳೆಯಿಂದ ಅಪ್ಪಾಜಿ ಮತ್ತೆ ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ಗಡಿಯಾರ ನೋಡಿದೆ. ನಾಲ್ಕು ದಾಟಿತ್ತು.

ಅವರೇ ಕೇಳಿದರು, "ಹಾಕಲೇಬೇಕೇನವ್ವಾ?"

"ಹಾಕಬೇಕ್ರಿ."

"ಹಂಗಾರ ಇತ್ತ ತಾ. ತಗದಾವ ನಾನು, ನಾನ ಹಾಕ್ತೀನಿ."

"ಒಂದ್ ಕಡಿ ಇದ್ರ ಸಾಕ್ರಿ, ಉಳದದ್ದು ಕಾಪಿ ಪೇಸ್ಟ್ ಮಾಡ್ತೀನಿ. ಮೊದ್ಲೂ ಹಂಗ ಮಾಡಿದ್ದು ನಾನು."

"ಬ್ಯಾಡ."

ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡು, ಎರಡೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತತೊಡಗಿದರು. ಇಂಗ್ಲಿಷಿನಲ್ಲಿ ಬರೆಯುತ್ತಾ ಬಾಯಲ್ಲಿ ಕನ್ನಡದಲ್ಲಿ ಅನ್ನುತ್ತಿದ್ದರು: "ಒಲದೋರನ್ನ ಅಗಲೋದು ದುಃಖ." ಒಂದು ಮುಗಿದರೆ ಮುಂದಿನ ಜಾಗ ಹುಡುಕಿ, ಮತ್ತೆ ಮೊದಲಕ್ಷರದಿಂದ. ನಾನು ನಿಂತೆ, ಕೂತೆ, ಕಿಟಕಿಗೆ ಹೋಗಿ ಬಂದೆ. ಬೇಗ ಮಾಡ್ರಿ ಎನ್ನುವ ಮಾತು ತುದಿನಾಲಗೆಗೆ ಬಂದು ನಿಂತಿತ್ತು.

ಆ ಸಾಲನ್ನು ನಾನು ಅನುವಾದಿಸಿದ್ದು ಅವ್ವ ದಾವಣಗೆರೆಯ ಆಸ್ಪತ್ರೆಯಲ್ಲಿದ್ದಾಗ, ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು. ಅಗಲುವುದಕ್ಕೆ ಯಾವ ಇಂಗ್ಲಿಷ್ ಶಬ್ದ ಸರಿ ಎಂದು ಇಡೀ ಮಧ್ಯಾಹ್ನ ತಲೆ ಕೆಡಿಸಿಕೊಂಡಿದ್ದೆ. ಒಳಗಿದ್ದವಳ ನೆನಪೇ ಬಂದಿರಲಿಲ್ಲ. ಅವಳು ಹೋದಮೇಲೂ ಕೆಲಸ, ಕೆಲಸ ಎಂದು ತಿರುಗಿದೆನೇ ಹೊರತು ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ.

"ಒಲದೋರನ್ನ..." ಅಪ್ಪಾಜಿ ಮತ್ತೆ ಶುರು ಮಾಡಿದರು.

ಅಡುಗೆಮನೆಗೆ ಹೋಗಿ ಒಲೆಯ ಕಟ್ಟೆ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತೆ.

"ತಡಾ ಆತೇನವ್ವಾ?" ಪಡಸಾಲೆಯಿಂದ ಅಪ್ಪಾಜಿ ಕೇಳಿದರು.

"ಇಲ್ರಿ," ಅಂದೆ. "ಸಾವಕಾಶ ಮಾಡ್ರಿ."