ಪಾರ್ಲರಿನವಳ ತಲೆ

ಹತ್ತೊಂಬತ್ತು ವರ್ಷಗಳಿಂದ ನೆಲಮಾಳಿಗೆಯ ಬ್ಯೂಟಿ ಪಾರ್ಲರಿನಲ್ಲಿ ಟ್ಯೂಬ್‌ಲೈಟಿನ ಬೆಳಕನ್ನೇ ನಂಬಿ ಬದುಕಿದವಳು ಅವಳು. ಬಂದ ಗಿರಾಕಿಗಳಿಗೆಲ್ಲ ಒಂದೇ ಪಾಠ: ಬಿಸಿಲಿಗೆ ಹೋದಿರೋ, ಕೆಟ್ಟಿರಿ. ತಾನೂ ಅಷ್ಟೇ, ಛತ್ರಿ, ಕೈಗವಸು, ಮುಖಕ್ಕೆ ಮೂರು ಪದರ ಕ್ರೀಮು ಇಲ್ಲದೆ ಹೊಸ್ತಿಲು ದಾಟಿದವಳಲ್ಲ.

ಒಂದು ಭಾನುವಾರ ತಲೆ ಬಾಚಿಕೊಳ್ಳುವಾಗ ಬಾಚಣಿಗೆಯ ಜೊತೆ ಕೂದಲಿನ ಉಂಡೆಯೇ ಬಂತು. ಹಿಂದೆ ನಿಂತಿದ್ದ ಅತ್ತೆ ಬಗ್ಗಿ ನೋಡಿದರು.

"ನೆತ್ತಿ ಹಿಂದೆ ಬಿಸ್ಕತ್ತಿನಷ್ಟು ಅಗಲ ಬೋಳಾಗಿದೆಯಲ್ಲೇ! ಏನು ನುಣುಪು!" ಎಂದು ಬೆರಳಿನಿಂದ ಸವರಿಯೂ ನೋಡಿದರು.

ಎರಡು ವಾರ ಅಲ್ಲಿಗೆ ಹುಬ್ಬಿನ ಪೆನ್ಸಿಲ್ ತೀಡಿ ಕಾಲ ತಳ್ಳಿದಳು. ಪಕ್ಕದಲ್ಲೇ ಇನ್ನೊಂದು ಬಿಸ್ಕತ್ತು ಹುಟ್ಟಿದಾಗ ಪೆನ್ಸಿಲ್ ಕೈಕೊಟ್ಟಿತು. ಅತ್ತೆಯನ್ನು ಕರೆದುಕೊಂಡು ಚರ್ಮದ ಡಾಕ್ಟರ ಬಳಿಗೆ ಹೋದಳು.

ರಕ್ತಪರೀಕ್ಷೆಯ ವರದಿ ನೋಡಿ ಡಾಕ್ಟರು ಹೇಳಿದರು: "ನಿಮ್ಮ ಮೈ ಕಾಯಬೇಕಾದ ಕಣಗಳೇ ಕೂದಲಿನ ಬುಡದ ಮೇಲೆ ಬೀಳ್ತಿವೆ. ವಿಟಮಿನ್ ಡಿ ಬೇರೆ ಬರೀ ಒಂಬತ್ತಿದೆ, ಮೂವತ್ತಾದ್ರೂ ಇರಬೇಕಿತ್ತು."

"ಮನೆಯವರ ಮೇಲೇ ಹರಿಹಾಯೋದು. ಇವಳ ಕಣಗಳು ಇನ್ನೇನು ಮಾಡ್ತವೆ!" ಎಂದರು ಅತ್ತೆ.

"ಹಾಗಾದ್ರೆ ಬಿಸಿಲಿಲ್ಲದೇ ಉದುರಿದ್ದಾ ಡಾಕ್ಟ್ರೇ?" ಎಂದು ಅವಳು ಕೇಳಿದಳು.

"ಹೀಗೆ ಕೂದಲು ಹೋದವರಲ್ಲಿ ಡಿ ಕಡಿಮೆ ಇರೋದು ತುಂಬಾ ಸಲ ಕಾಣುತ್ತೆ. ಅದರಿಂದಲೇ ಹೋಯ್ತು ಅನ್ನೋಕಾಗಲ್ಲ. ಕೊರತೆ ತುಂಬಿಸೋಣ, ಬೋಳಾದ ಕಡೆ ಇಂಜೆಕ್ಷನ್ ಕೊಡೋಣ. ಕೂದಲು ಬಂದೇ ಬರುತ್ತೆ ಅಂತ ಮಾತ್ರ ಮಾತು ಕೊಡಲ್ಲ."

ಕೊನೆಯ ಮಾತು ಅವಳ ಕಿವಿಗೆ ಬೀಳಲೇ ಇಲ್ಲ. ಇಂಜೆಕ್ಷನ್ ಚುಚ್ಚಿಸಿಕೊಂಡಳು, ವಾರಕ್ಕೊಂದು ಮಾತ್ರೆ ನುಂಗಿದಳು. ದಿನಾ ಹನ್ನೊಂದಕ್ಕೆ ತಾರಸಿಯಲ್ಲಿ ಕುರ್ಚಿ ಹಾಕಿ, ಬಟ್ಟೆಯ ತೋಳು ಮೇಲಕ್ಕೆ ಮಡಚಿ, ಕೂದಲು ಬಿಚ್ಚಿಕೊಂಡು ಕೂತಳು. ಎದುರು ಕಟ್ಟಡದಿಂದ ಗಿರಾಕಿಯೊಬ್ಬಳು, "ಬಿಸಿಲು ಕೆಟ್ಟದ್ದು ಅಂತಿದ್ರಲ್ಲಾ?" ಎಂದು ಕೂಗಿದಳು.

"ಅದು ನಿಮಗೆ!" ಎಂದು ಇವಳೂ ಕೂಗಿದಳು.

ಮೂರು ತಿಂಗಳಲ್ಲಿ ಡಿ ಮೂವತ್ತಾರಕ್ಕೇರಿತು. ಒಂದು ಬಿಸ್ಕತ್ತಿನಲ್ಲಿ ಬಿಳಿ ನವಿರು ಮೊಳೆಯಿತು. ಕಿವಿಯ ಮೇಲೆ ಹೊಸದಾಗಿ ಎರಡು ಕಡೆ ಬೋಳಾಯಿತು. ಮನೆಗೆ ಬಂದು ವರದಿ ಹಿಡಿದುಕೊಂಡೇ ಅವಳು ಬಿಕ್ಕಿಬಿಕ್ಕಿ ಅತ್ತಳು. ಅತ್ತೆ ಬಂದು ಪಕ್ಕದಲ್ಲಿ ಕೂತರು.

ಮೂಗು ಒರೆಸಿಕೊಂಡು ಅವಳು ಹೇಳಿದಳು: "ಟ್ರಿಮ್ಮರ್ ತಗೊಳ್ಳಿ ಅತ್ತೆ. ಎಲ್ಲಾ ಹೊಡೆದುಬಿಡಿ."

"ನನ್ನ ಕೈಲಿ ಸೊಟ್ಟ ಬಂದ್ರೆ?"

"ಸೊಟ್ಟ ಬರೋಕೆ ಅಲ್ಲೇನು ಉಳಿಯುತ್ತೆ?"

ಅತ್ತೆ ಪಕ್ಕನೆ ನಕ್ಕರು. ಸೊಸೆಗೂ ನಗು ತಡೆಯಲಾಗಲಿಲ್ಲ. ಅರ್ಧ ಗಂಟೆ ಅತ್ತೆ ಹುಲ್ಲು ಕೊಯ್ದಂತೆ ಕೊಯ್ದರು.

ಮರುದಿನ ಪಾರ್ಲರಿಗೆ ಮೊದಲು ಬಂದವರು ತಲೆಗೆ ಬಣ್ಣ ಹಚ್ಚಿಸಿಕೊಳ್ಳುವ ನಿವೃತ್ತ ಹೆಡ್‌ಮೇಡಂ. ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ತಲೆ ಚೆನ್ನಾಗಿದೆ. ಕಿವಿ ಇಷ್ಟು ದೊಡ್ಡದು ಅಂತ ಗೊತ್ತಿರ್ಲಿಲ್ಲ."

"ಬಣ್ಣ ಹಚ್ಚಿಸ್ಕೋತೀರೋ, ಮನೆಗೆ ಹೋಗ್ತೀರೋ?"

ಮೇಡಂ ಕುರ್ಚಿಯಲ್ಲಿ ಕೂತು ಕತ್ತು ಹಿಂದಕ್ಕೆ ವಾಲಿಸಿದರು.