ಸುಂದರವ್ವನ ವಾಕರಿಕೆ

"ಐವತ್ನಾಕ ವರ್ಷಕ್ಕ ಬಸರಾಗೀಯೇನ ಸುಂದ್ರಿ? ಯಾರಂವ ಆ ಗಂಡಸ, ಹೆಸರರೆ ಹೇಳು!"

ಶ್ರೀಶೈಲ ಸಾವ್ಕಾರ ತೋಟದ ಬದುವಿನ ಮೇಲೆ ನಿಂತು ಕೂಗಿದಾಗ ಸುಂದರವ್ವ ದ್ರಾಕ್ಷಿ ಸಾಲಿನ ನಡುವೆ ಮೊಣಕಾಲೂರಿ ಕೂತು, ಬೆಳಿಗ್ಗೆ ತಿಂದ ರೊಟ್ಟಿಯನ್ನೆಲ್ಲ ಹೊರಗೆ ಹಾಕುತ್ತಿದ್ದಳು. ಗೊನೆ ಕತ್ತರಿಸುತ್ತಿದ್ದ ಹದಿಮೂರು ಹೆಣ್ಣಾಳುಗಳು ಕೈ ನಿಲ್ಲಿಸಿ ನೋಡಿದರು. ಗಂಡ ಸತ್ತು ಹನ್ನೊಂದು ವರ್ಷವಾಗಿದ್ದ ಸುಂದರವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ನಿಧಾನವಾಗಿ ಎದ್ದಳು.

"ಈ ತ್ವಾಟದಾಗ ಗಂಡಸ್ರು ಅಂದ್ರ ನೀವೊಬ್ರ ಅದೀರ್ರಿ. ನಿಮ್ಮ ಹೆಸರ ಹೇಳ್ಲೇನ್ರಿ?"

ಪಕ್ಕದ ಸಾಲಿನಲ್ಲಿ ಲಕ್ಕವ್ವ ಕಿಸಕ್ಕನೆ ನಕ್ಕಳು. ಅವಳ ನಗು ಉಳಿದವರಿಗೂ ಅಂಟಿ, ಚಪ್ಪರದ ಕೆಳಗೆಲ್ಲ ಹಬ್ಬಿತು. ಸಾವ್ಕಾರನ ಕಿವಿ ಕೆಂಪಾದವು.

"ಹಲ್ಕಟ್ ರಂಡೆ! ಇದು ದುಬೈಕ್ಕ ಹೋಗೋ ಮಾಲು. ಅದರ ಬುಡಕ್ಕ ಕಕ್ಕತೀಯ? ನಿನಗ ಅಂಟುರೋಗ ಇದ್ರ ನನ್ನ ಗತಿ ಏನು? ಏನ ರೋಗ ಅಂತ ಡಾಕ್ಟರ್ ಕಡಿಂದ ಚೀಟಿ ಬರಸ್ಕೊಂಡ ಬಾ. ಅಲ್ಲೀತನಕ ಗೇಟ್ ದಾಟಿದ್ರ ಕಾಲ ಮುರೀತೇನಿ."

ಎರಡು ತಿಂಗಳಿಂದ ಇದೇ ಪಾಡು. ಕೆಲಸಕ್ಕೆ ಬಂದು ಎರಡು ತಾಸಾದರೆ ಹೊಟ್ಟೆ ತೊಳಸುತ್ತಿತ್ತು. ಕೇರಿಯಲ್ಲಿ ಒಬ್ಬರು ದೃಷ್ಟಿ ಎಂದರು, ಇನ್ನೊಬ್ಬರು ಬೇವಿನ ಮರದ ದೆವ್ವ ಎಂದರು. ಸುಂದರವ್ವನಿಗಿದ್ದ ಹೆದರಿಕೆಯೇ ಬೇರೆ. ಅವಳ ಅಕ್ಕ ಹೀಗೇ ವಾಕರಿಸುತ್ತ ಮೂಲೆ ಹಿಡಿದವಳು, ಹೊಟ್ಟೆಯಲ್ಲಿ ಗಡ್ಡೆಯಾಗಿದೆ ಎಂದು ಗೊತ್ತಾದ ತಿಂಗಳಿಗೇ ತೀರಿಕೊಂಡಿದ್ದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಲಕ್ಕವ್ವನೂ ಆ ದಿನದ ಕೆಲಸ ಬಿಟ್ಟು ಅವಳ ಜೊತೆ ನಡೆದಳು. ಇಬ್ಬರೂ ಮೊದಲು ಹೋದದ್ದು ಊರ ಕ್ರಾಸಿನಲ್ಲಿದ್ದ ಕಲ್ಮೇಶನ ಬಳಿಗೆ. ಅವನು ಡಾಕ್ಟರಕಿ ಓದಿದವನಲ್ಲ. ಮೊಬೈಲ್ ರಿಪೇರಿ ಮಾಡುತ್ತ, ಬಿಡುವಿದ್ದಾಗ ಸೂಜಿ ಚುಚ್ಚುತ್ತಿದ್ದ. ಸ್ಟೆತಾಸ್ಕೋಪನ್ನು ಸುಂದರವ್ವನ ಹೊಟ್ಟೆಯ ಮೇಲಿಟ್ಟು, ಇನ್ನೊಂದು ಕೈಯಿಂದ ಫೋನು ತಿಕ್ಕುತ್ತ ಅದರಲ್ಲಿದ್ದದ್ದನ್ನು ಓದತೊಡಗಿದ.

"ಪಿತ್ತ ಇರಬಹುದು. ಪಿತ್ತಕೋಶದಾಗ ಕಲ್ಲ ಇರಬಹುದು. ಅರ್ಧ ತಲಿಶೂಲಿ, ಸಕ್ಕರಿ, ಮೂತ್ರಪಿಂಡ, ಕಿವಿ…"

"ಹೊಟ್ಟಿ ತೊಳಸಿದ್ರ ಕಿವಿ ಯಾಕೋ?"

"ಕಿವಿ ಒಳಗ ತೂಕ ನೋಡೋ ಯಂತ್ರ ಇರ್ತೈತಬೇ. ಅದು ಕೆಟ್ರ ಭೂಮಿ ಗರಗರ ತಿರಗತೈತಿ, ವಾಂತಿ ಬರತೈತಿ." ಇನ್ನೊಮ್ಮೆ ಫೋನು ತಿಕ್ಕಿದ. "ಇಲ್ಲಾಂದ್ರ ಹಡಗಿನ ಪ್ರಯಾಣ. ಇತ್ತೀಚಿಗೆ ಹಡಗ ಹತ್ತೀಯೇನು?"

"ಚಡಚಣದಾಗ ಎಲ್ಲೀ ಹಡಗೋ, ಹುಚ್ಚ ಬಾಡ್ಯಾ!" ಎಂದು ಲಕ್ಕವ್ವ ಗೆಳತಿಯ ತೋಳು ಹಿಡಿದು ಎಬ್ಬಿಸಿದಳು. ಅಷ್ಟರಲ್ಲಿ ಕಲ್ಮೇಶ ಎರಡು ಸೂಜಿ ಚುಚ್ಚಿಯಾಗಿತ್ತು, ಒಂದು ಹೊಟ್ಟೆಯ ಸಲುವಾಗಿ, ಇನ್ನೊಂದು ಕಿವಿಯ ಸಲುವಾಗಿ. ಚೀಟಿ ಕೇಳಿದರೆ ರಿಚಾರ್ಜಿನ ರಸೀತಿಯ ಬೆನ್ನ ಮೇಲೆ ಬರೆಯಲು ಹೊರಟ.

ಮರುದಿನ ಇಬ್ಬರೂ ಸರಕಾರಿ ದವಾಖಾನೆಯ ಸಾಲಿನಲ್ಲಿ ನಿಂತರು. ಅಲ್ಲಿದ್ದ ಡಾಕ್ಟರ್ ಅಬಿದಾ ನಾಲಗೆ ನೋಡಿದಳು, ಹೊಟ್ಟೆ ಒತ್ತಿದಳು, ರಕ್ತ ತೆಗೆಸಿದಳು. ಆಮೇಲೆ ಅಲ್ಲಿಯತನಕ ಯಾರೂ ಕೇಳದಿದ್ದ ಒಂದು ಮಾತು ಕೇಳಿದಳು.

"ಯಾವತ್ತ ವಾಕರಿಕಿ ಬರಂಗಿಲ್ಲಬೇ?"

ಸುಂದರವ್ವ ಬೆರಳು ಮಡಿಚಿ ಯೋಚಿಸಿದಳು. "ಸಂತಿ ದಿನ ಬರಂಗಿಲ್ರಿ, ಅವತ್ತ ಕೆಲಸ ಇರಂಗಿಲ್ಲ. ಹಲಸಂಗಿಗೆ ಮಗಳ ಮನಿಗೆ ಹೋಗಿದ್ನಿರಿ, ನಾಕ ದಿನ ಬರ್ಲೇ ಇಲ್ಲ. ಮಟನ್ ತಿಂದೆ, ಮಿರ್ಚಿ ಭಜಿ ತಿಂದೆ, ಏನೂ ಆಗ್ಲಿಲ್ಲ."

"ತ್ವಾಟದಾಗ ನೀರು ಯಾವದು ಕುಡೀತೀರಿ?"

"ಎರಡ ತಿಂಗಳ ಹಿಂದ ಶೆಡ್ಡಿನ ಮುಂದ ನಮಗಂತ ನೀಲಿ ಡ್ರಮ್ ಇಟ್ಟಾರ್ರಿ. ಸಾವ್ಕಾರ್ರ ಪಡಸಾಲ್ಯಾಗ ಫಿಲ್ಟರ್ ಐತಿ, ಆದ್ರ ನಾವು ಆ ಕಟ್ಟಿ ಹತ್ತಬಾರ್ದು, ಮೈಲಿಗಿ ಆಗತೈತಿ."

"ಆ ಡ್ರಮ್ಮಿನಾಗ ಮೊದಲ ಏನಿತ್ತು?"

ಇಬ್ಬರೂ ಮುಖ ಮುಖ ನೋಡಿಕೊಂಡರು. "ಹೊಸಾದು ಅಂತ ಹೇಳ್ಯಾರ್ರಿ," ಎಂದಳು ಲಕ್ಕವ್ವ. "ಮ್ಯಾಲಿನ ಚೀಟಿ ಕಿತ್ತಾರ. ಮೂಲ್ಯಾಗ ಅರ್ಧ ತಲಿಬುರುಡಿ ಉಳದೈತಿ. ನಾನು ಸಾವ್ಕಾರ್ರ ಅಪ್ಪನ ಫೋಟೋ ಹಚ್ಯಾರ ಅಂತ ಚಾಷ್ಟಿ ಮಾಡತಿದ್ನಿ."

ಡಾಕ್ಟರ್ ನಗಲಿಲ್ಲ. "ಉಳಿದವ್ರಿಗೆ ಏನೂ ಇಲ್ಲೇನು?"

"ನನಗ ತಲಿ ತಿರಗತೈತ್ರಿ. ಕೆಲವ್ರಿಗೆ ಕಣ್ಣ ಉರೀತಾವ. ಬಡವ್ರ ಮೈ ಇರೂದ ಹಿಂಗ ಅಂತ ಸುಮ್ಮಿದ್ವಿರಿ."

"ರಕ್ತದ ರಿಪೋರ್ಟ್ ಬರೋತನಕ ನಾ ಖಂಡಿತ ಹೇಳಂಗಿಲ್ಲ. ಗಡ್ಡಿ ಗಿಡ್ಡಿ ಅಂತೂ ಈಗ ಕೈಗೆ ಹತ್ತಲಿಲ್ಲ. ಆದ್ರ ಬೆಳಿಗೆ ಹೊಡಿಯೋ ಔಷಧದ ಡ್ರಮ್ಮಿನ ನೀರು ಇವತ್ತಿಂದ ಬಂದ್. ಎಲ್ಲಾರಿಗೂ." ಅದನ್ನೇ ಚೀಟಿಯಲ್ಲಿ ಬರೆದು, ಸಹಿ ಹಾಕಿ, ಮುದ್ರೆ ಒತ್ತಿ ಕೊಟ್ಟಳು.

ಬಸ್ಸಿನಲ್ಲಿ ಸುಂದರವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಗಡ್ಡೆ ಕೈಗೆ ಹತ್ತಲಿಲ್ಲವೆಂದು ಮೊದಲು ಅತ್ತಳು. ಆಮೇಲೆ ಎರಡು ತಿಂಗಳು ಕುಡಿದದ್ದನ್ನು ನೆನೆಸಿಕೊಂಡು ಬೈಯತೊಡಗಿದಳು. ಆ ಬೈಗುಳಕ್ಕೆ ಮುಂದಿನ ಸೀಟಿನ ಮಾಸ್ತರನೊಬ್ಬ ಎದ್ದು ಹಿಂದೆ ಹೋಗಿ ಕೂತ.

ತೋಟ ಮುಟ್ಟಿದಾಗ ಹೆಣ್ಣಾಳುಗಳಿಗೆ ಊಟದ ಬಿಡುವು. ಸುಂದರವ್ವ ಸುದ್ದಿ ಹೇಳುತ್ತಿದ್ದಂತೆ ಒಬ್ಬೊಬ್ಬರೇ ಬುತ್ತಿ ಕಟ್ಟಿಟ್ಟು ಎದ್ದು ಅವಳ ಹಿಂದೆ ಬಂದರು. ಸಾವ್ಕಾರ ಪಡಸಾಲೆಯ ಮುಂದಿನ ಮೆಟ್ಟಿಲ ಮೇಲೆ ಕೂತು ಗಿರಮಿಟ್ ತಿನ್ನುತ್ತಿದ್ದ. ಚೀಟಿ ಓದಿ ಕೆಳಗೆ ಬಿಸಾಕಿದ.

"ಆ ಡಾಕ್ಟರಮ್ಮಗ ತಲಿ ಕೆಟ್ಟೈತಿ. ಮೂರ ಸಲ ಸಾಬಾಣ ಹಚ್ಚಿ ತೊಳಿಸೇನಿ ಅದನ್ನ!"

"ಹಂಗಾದ್ರ ಹೊಸಾದಲ್ಲ ಅಂದಂಗಾತು," ಎಂದಳು ಲಕ್ಕವ್ವ.

ಸುಂದರವ್ವ ಡ್ರಮ್ಮಿನ ತನಕ ಹೋಗಿ ಚರಿಗೆ ತುಂಬಿಸಿಕೊಂಡು ಬಂದು ಅವನ ಮೂಗಿನ ಮುಂದೆ ಹಿಡಿದಳು.

"ಕುಡೀರಿ."

ಸಾವ್ಕಾರ ಚರಿಗೆಯನ್ನು ನೋಡಿದ, ಹದಿನಾಲ್ಕು ಮುಖಗಳನ್ನು ನೋಡಿದ. "ಇವತ್ತ… ನಂದು ಉಪವಾಸ ಐತಿ," ಎಂದ. ಮೀಸೆಯಲ್ಲಿ ಗಿರಮಿಟ್ಟಿನ ಶೇವು ಜೋತಾಡುತ್ತಿತ್ತು.

ಯಾರೋ ಹೋ ಎಂದು ನಕ್ಕರು. ಸುಂದರವ್ವ ಚರಿಗೆಯನ್ನು ಅವನ ಪಾದದ ಹತ್ತಿರ ಇಟ್ಟು, ಪಕ್ಕದಿಂದ ಹಾಯ್ದು, ಕೆಸರುಗಾಲಲ್ಲೇ ಪಡಸಾಲೆ ಹತ್ತಿದಳು. ಬಿಳಿ ಫರಸಿಯ ಮೇಲೆ ಹೆಜ್ಜೆ ಮೂಡಿದವು. ಒಳಗಿಂದ ಸಾವ್ಕಾರನ ತಾಯಿ, "ಅಯ್ಯಯ್ಯ, ಮೈಲಿಗಿ! ಯಾರರೆ ಹಿಡೀರ್ಯೋ ಈ ಭೋಸಡೀನ್ನ!" ಎಂದು ಎದೆ ಬಡಿದುಕೊಂಡಳು. ಹಿಡಿಯುವವರು ಯಾರೂ ಇರಲಿಲ್ಲ. ಸುಂದರವ್ವ ಫಿಲ್ಟರಿನ ನಳ ತಿರುಗಿಸಿ, ಬೊಗಸೆಯೊಡ್ಡಿ, ಗಟಗಟ ಕುಡಿದಳು. ಉದ್ದಕ್ಕೆ ಒಂದು ತೇಗು ತೇಗಿದಳು. ಹೊಟ್ಟೆ ತಣ್ಣಗಾಯಿತು.

ಅವಳ ಹಿಂದೆ ಲಕ್ಕವ್ವ, ಲಕ್ಕವ್ವನ ಹಿಂದೆ ಉಳಿದವರೆಲ್ಲ. ಒಂಬತ್ತನೆಯವಳು ಕುಡಿದು ಮುಗಿಸುತ್ತಿದ್ದಂತೆ ಯಂತ್ರದ ನೀರು ಮುಗಿದು, ಕೆಂಪು ದೀಪ ಹತ್ತಿ, ಪೀಂ ಪೀಂ ಎಂದು ಚೀರತೊಡಗಿತು.

"ತುಂಬಾಕ ಹಚ್ರಿ ಸಾವ್ಕಾರ್ರ," ಎಂದಳು ಸುಂದರವ್ವ. "ಇನ್ನೂ ಐದ ಮಂದಿ ಅದಾರ. ಅಲ್ಲೀತನಕ ನಾವು ಕುಂದರ್ತೇವಿ."

ಹದಿನಾಲ್ಕು ಮಂದಿಯೂ ಪಡಸಾಲೆಯ ತುಂಬ ಕಾಲು ಚಾಚಿ ಕೂತರು.